ಅಳಿವೆಯಿಲ್ಲದ ನದಿ

ಕಳೆದ ತಿಂಗಳು ಒಂದು ಮಧ್ಯಾಹ್ನ, ಕುವೈತಿನ ಎಗೈಲಾದಲ್ಲಿ ಮಗಳ ಮನೆಯಲ್ಲಿ ಮಲಗಿದ್ದವಳಿಗೆ ಒಂದು ವಾಸನೆಯಿಂದ ಎಚ್ಚರವಾಯಿತು. ಹಸಿ ಮೈದಾ, ಉಪ್ಪು, ಅದರ ಮೇಲೆ ನೀಲಿ ಬಣ್ಣ. ಅದು ಅಡುಗೆಯ ವಾಸನೆಯಲ್ಲ. ಇಪ್ಪತ್ತು ವರ್ಷಗಳ ಹಿಂದೆ ಇದೇ ಕುವೈತಿನ ಹವಲ್ಲಿಯ ಒಂದು ಕೋಣೆಯಲ್ಲಿ ಮೂರು ತಿಂಗಳು ಆ ವಾಸನೆಯಲ್ಲೇ ಮಲಗಿ ಎದ್ದಿದ್ದೆ. ಅದು ಮತ್ತೆ ಮೂಗಿಗೆ ಬಡಿದೀತು ಎಂದು ಎಣಿಸಿರಲಿಲ್ಲ.

ಎದ್ದು ನೋಡಿದರೆ ಮೊಮ್ಮಗಳು ದಿಯಾ ಊಟದ ಮೇಜಿನ ಮೇಲೆ ರಟ್ಟು ಹರವಿ ಹಿಟ್ಟಿನಲ್ಲಿ ನಕ್ಷೆ ಮಾಡುತ್ತಿದ್ದಳು. ಐದನೆಯ ತರಗತಿ, ಶಾಲೆಯ ಪ್ರಾಜೆಕ್ಟು. ರಾಜಸ್ಥಾನ, ಅದರ ಕೆಳಗೆ ಕಚ್ಛಿನ ಒಂದು ತುಂಡು. ಬೆಟ್ಟದಿಂದ ಇಳಿದು ಬಂದ ಒಂದು ನೀಲಿ ಗೆರೆ, ಕಡಲಿಗೆ ಇನ್ನೊಂದು ಬೆರಳಿನಷ್ಟು ದೂರ ಇರುವಾಗ ಸುಮ್ಮನೆ ನಿಂತುಬಿಟ್ಟಿತ್ತು.

“ನದಿ ಅರ್ಧಕ್ಕೇ ಬಿಟ್ಟಿದ್ದೀಯಲ್ಲ ಮಗಾ,” ಎಂದೆ.

“ನೋ ಅಜ್ಜಿ, ಇಟ್ ಎಂಡ್ಸ್ ದೇರ್. ಲೂನಿ ರಿವರ್. ನಾಟ್ ಆಲ್ ರಿವರ್ಸ್ ಗೋ ಟು ದಿ ಸೀ. ಎವರಿಬಡಿ ನೋಸ್.”

ನನ್ನ ಬಲಗೈಯ ಹೆಬ್ಬೆರಳು ಅಷ್ಟರಲ್ಲಿ ತಾನಾಗಿ ಮುಂದೆ ಹೋಗಿತ್ತು. ಅದನ್ನು ಮುಷ್ಟಿಯೊಳಗೆ ಮಡಚಿಕೊಂಡು ಅಡುಗೆಮನೆಗೆ ಹೋದೆ. ಆ ಹೆಬ್ಬೆರಳಿನ ಕತೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಮೂಲ್ಕಿಯ ಬದಿಯ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಕಲಿತವಳು. ಮನೆಯಲ್ಲಿ ಮಾತಾಡುವುದು ತುಳು, ಬರೆಯಲು ಗೊತ್ತಿರುವುದು ಕನ್ನಡ ಮಾತ್ರ.

ನಮ್ಮ ಮನೆ ಇದ್ದದ್ದು ಅಳಿವೆಯ ಬದಿ. ಶಾಂಭವಿ, ನಂದಿನಿ ಎರಡು ನದಿಗಳು ಕೂಡಿ ಕಡಲಿಗೆ ಬೀಳುವ ಜಾಗ. ಅಪ್ಪ ದೋಣಿಗೆ ಹೋಗುತ್ತಿದ್ದರು, ಅಮ್ಮ ಮೀನು ಮಾರುತ್ತಿದ್ದಳು. ಬೇಸಿಗೆಯಲ್ಲಿ ಅಲೆ ಮರಳು ತಂದು ಒಟ್ಟಿ ಅಳಿವೆಯ ಬಾಯಿ ಕಟ್ಟಿಬಿಡುವುದಿತ್ತು. ಮಳೆ ಹಿಡಿದು ನದಿ ಏರಿದರೆ ನೀರು ಹೋಗಲು ದಾರಿಯಿಲ್ಲದೆ ಮನೆಗಳಿಗೆ ನುಗ್ಗುತ್ತಿತ್ತು. ಆಗ ಕೇರಿಯ ಗಂಡಸರು ಹಾರೆ ಹಿಡಿದು ಹೋಗಿ ಮರಳಿನಲ್ಲಿ ಒಂದು ಕೈಯಗಲದ ಗೀರು ಮಾಡುತ್ತಿದ್ದರು. ಅಷ್ಟು ಸಾಕು. ಉಳಿದದ್ದನ್ನು ನೀರೇ ಕಡಿದುಕೊಂಡು ಕಡಲಿಗೆ ಹೋಗುತ್ತಿತ್ತು. ನಾವು ಮಕ್ಕಳು ದಂಡೆಯಲ್ಲಿ ನಿಂತು ಕೂಗು ಹಾಕುತ್ತಿದ್ದೆವು. ನದಿ ಎಂದರೆ ಪಡುವಣಕ್ಕೆ ಹೋಗಿ ಕಡಲು ಸೇರುವಂಥದ್ದು, ಸೇರದಿದ್ದರೆ ನಾವು ಸೇರಿಸಬೇಕು. ನನಗೆ ನದಿಯ ವಿಷಯದಲ್ಲಿ ಗೊತ್ತಿದ್ದದ್ದು ಇಷ್ಟೆ.

ತಂಗಿ ಸುಜಾತ ಹುಟ್ಟುವಾಗ ನನಗೆ ಹನ್ನೆರಡು ವರ್ಷ. ಅಮ್ಮ ಮೀನಿನ ಬುಟ್ಟಿ ಹೊತ್ತು ಹೋದ ಮೇಲೆ ಅವಳನ್ನು ಸೊಂಟದಲ್ಲಿ ಇಟ್ಟುಕೊಂಡವಳು ನಾನೇ. ನಾನು ಶಾಲೆ ಬಿಟ್ಟದ್ದೂ ಅದಕ್ಕೇ. ಅವಳು ಮಾತ್ರ ಬಿಡಲಿಲ್ಲ. ಬಿ.ಎ., ಆಮೇಲೆ ಬಿ.ಎಡ್., ಭೂಗೋಳವೆಂದರೆ ಪ್ರಾಣ. ಗಂಡ ತೀರಿಕೊಂಡ ಮೇಲೆ ನಾನು ಮಗಳು ರೂಪಳನ್ನು ಅಮ್ಮನ ಹತ್ತಿರ ಬಿಟ್ಟು ಕುವೈತಿಗೆ ಬಂದೆ. ಅಮೆರಿಕದ ಪಾಠಪಟ್ಟಿ ಕಲಿಸುವ ಒಂದು ಖಾಸಗಿ ಶಾಲೆಯಲ್ಲಿ ಆಯಾ. ನೆಲ ಒರೆಸುವುದು, ಪುಟ್ಟ ಮಕ್ಕಳ ಮೂಗು ಒರೆಸುವುದು. ನಾಲ್ಕು ವರ್ಷ ಕಳೆದು, ಅದೇ ಶಾಲೆಗೆ ತರಗತಿಯ ಸಹಾಯಕಿ ಬೇಕು ಎಂದಾಗ ಸುಜಾತಳ ಕಾಗದಪತ್ರ ತರಿಸಿ ಕೊಟ್ಟವಳು ನಾನೇ. ತೊಂಬತ್ತಾರರ ಆಗಸ್ಟಿನಲ್ಲಿ, ಬಸ್ಸಿನ ಕಂಬಿ ಮುಟ್ಟಿದರೆ ಕೈ ಸುಡುವ ಬಿಸಿಲಿನಲ್ಲಿ ಅವಳು ಬಂದಿಳಿದಳು.

ಮೊದಲ ದಿನವೇ ಹೇಳಿದೆ, “ಶಾಲೆಯಲ್ಲಿ ನನ್ನನ್ನು ಅಕ್ಕ ಅಂತ ಕರೀಬಾರದು. ಆಯಾಳ ತಂಗಿ ಅಂತ ಗೊತ್ತಾದ್ರೆ ನಿನ್ನನ್ನು ಟೀಚರ್ ಅಂತ ಯಾರೂ ಎಣಿಸುವುದಿಲ್ಲ.”

“ಮತ್ತೆ ಎಂತ ಕರೀಲಿ?”

“ಜಲಜಾ ಅಂತ ಕರಿ. ಎಲ್ಲರೂ ಹಾಗೇ ಕರೀತಾರೆ.”

ಅವಳಿಗೆ ಅದು ತಮಾಷೆಯಾಯಿತು. ಕಾರಿಡಾರಿನಲ್ಲಿ ಎದುರಾದರೆ ಮೂಗು ಮೇಲೆ ಮಾಡಿ, “ಜಲಜಾ, ಇಲ್ಲಿ ಸ್ವಲ್ಪ ಒರೆಸು,” ಎನ್ನುತ್ತಿದ್ದಳು. ಕೋಣೆಗೆ ಬಂದ ಮೇಲೆ ನಾನು, “ಮಿಸ್ಸಿಗೆ ಚಾ ಕೊಡ್ಲಾ? ಇಲ್ಲ ಮಿಸ್ಸೇ ಮಾಡಿಕೊಳ್ತೀರಾ?” ಎನ್ನುತ್ತಿದ್ದೆ. ಹವಲ್ಲಿಯಲ್ಲಿ ರೇಡಿಯೋ ಟಿ.ವಿ. ರಿಪೇರಿ ಅಂಗಡಿಗಳ ಮೇಲಿನ ಮೂರನೆಯ ಮಹಡಿ ಅದು. ಪಕ್ಕದ ಕೋಣೆಯಲ್ಲಿ ಉಡುಪಿ ಕಡೆಯ ನರ್ಸ್ ಫಿಲೊಮಿನಾ ಬಾಯಿ ಇದ್ದರು. ಅಡುಗೆಮನೆ ಮೂವರಿಗೂ ಒಂದೇ.

ಆ ಶಾಲೆಯಲ್ಲಿ ಮಾರ್ಚಿಗೊಂದು ಪ್ರದರ್ಶನ ನಡೆಯುತ್ತಿತ್ತು. ಒಂದೊಂದು ತರಗತಿ ಅಮೆರಿಕದ ಒಂದೊಂದು ರಾಜ್ಯವನ್ನು ತೋರಿಸಬೇಕು. ಸುಜಾತಳ ತರಗತಿಗೆ ಬಂದದ್ದು ನೆವಾಡಾ. ಸಮಾಜ ಪಾಠದ ಮುಖ್ಯಸ್ಥೆ ಮಿಸ್ ಹೆಲೆನ್ ಹುಟ್ಟಿದ ರಾಜ್ಯ ಅದು. ಐವತ್ತು ದಾಟಿದ, ಗಂಡಸರ ಹಾಗೆ ಉದ್ದ ಹೆಜ್ಜೆ ಹಾಕುವ ಹೆಂಗಸು. ಡಿಸೆಂಬರಿನಲ್ಲಿ ಅವರು ಸುಜಾತಳನ್ನು ಕರೆದು ಹೇಳಿದರಂತೆ, ಉಬ್ಬು ನಕ್ಷೆ ಮಾಡು, ಬಂದವರಿಗೆ ನೀನೇ ವಿವರಿಸು, ಚೆನ್ನಾಗಿ ಮಾಡಿದರೆ ಸೆಪ್ಟೆಂಬರಿನಿಂದ ಒಂದು ತರಗತಿ ನಿನ್ನದೇ. ಸಹಾಯಕಿಯ ಕೆಲಸ ಒಂದೇ ಶಾಲಾವರ್ಷದ್ದು, ಅಲ್ಲಿ ಇರಲು ಕೊಡುವ ಪರವಾನಗಿ, ಇಕಾಮಾ, ಕೂಡ ಅಷ್ಟಕ್ಕೇ. ಟೀಚರ್ ಆದರೆ ಉಳಿಯಬಹುದು.

ಆ ದಿನ ಅವಳು ಮಹಡಿಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದಳು. “ಅಕ್ಕ, ನಿನಗೆ ಚಪಾತಿ ಹಿಟ್ಟು ಕಲಸುವ ಕೈ ಉಂಟು. ನನಗೆ ಬೆಟ್ಟ ಬೇಕು.”

ಹಾಗೆ ಶುರುವಾಯಿತು. ಎರಡು ಪಾಲು ಮೈದಾ, ಒಂದು ಪಾಲು ಉಪ್ಪು, ನೀರು. ಆ ಚಳಿಗಾಲದಲ್ಲಿ ಕುವೈತಿನಲ್ಲಿ ಎಂದಿಲ್ಲದ ಮಳೆ. ರಸ್ತೆಯಲ್ಲಿ ಮೊಣಕಾಲು ಮುಟ್ಟುವ ನೀರು, ಗೋಡೆಗಳಲ್ಲಿ ಬೂಸ್ಟು. ಮೊದಲು ಮಾಡಿದ ನಕ್ಷೆ ಒಣಗದೆ ಹಸಿರು ಹಿಡಿಯಿತು. ಎಸೆದು ಎರಡನೆಯದು ಮಾಡಿದೆವು, ಉಪ್ಪು ಹೆಚ್ಚು ಹಾಕಿ. ಅದನ್ನು ಫಿಲೊಮಿನಾ ಬಾಯಿಯವರ ಓವನ್ನಿನಲ್ಲಿ ಒಂದು ಬದಿ ಒಣಗಿಸಲು ಹೋಗಿ ಅಂಚು ಕೆಂಪಗಾಯಿತು.

“ಇದು ಅಮೆರಿಕವಾ, ಸುಟ್ಟ ರೊಟ್ಟಿಯಾ?” ಎಂದು ಬಾಯಿ ಕೇಳಿದರು. “ಒಂದು ತುಂಡು ಕೊಡಿ, ಮೀನು ಸಾರಿಗೆ ನೆಂಚಿಕೊಳ್ತೇನೆ.”

“ಅದು ಮರಳುಗಾಡು ಬಾಯಿ, ಬಣ್ಣ ಸರಿಯಾಗಿಯೇ ಬಂದಿದೆ,” ಎಂದಳು ಸುಜಾತ.

ಶಾಲೆಯ ಲೈಬ್ರರಿಯಿಂದ ತಂದ ದಪ್ಪ ಪುಸ್ತಕ ಅವಳ ಮಡಿಲಲ್ಲಿ, ಹಿಟ್ಟು ನನ್ನ ಕೈಯಲ್ಲಿ. ಪ್ರದರ್ಶನದಲ್ಲಿ ಹೇಳುವುದನ್ನೆಲ್ಲ ಮೊದಲು ನನಗೆ ಹೇಳಿ ಅಭ್ಯಾಸ ಮಾಡುತ್ತಿದ್ದಳು. ನೆವಾಡಾ ಎಂದರೆ ಸ್ಪೇನಿನ ಮಾತಿನಲ್ಲಿ ಹಿಮ ಮುಚ್ಚಿದ್ದು ಎಂದಂತೆ. ಆದರೆ ಅಮೆರಿಕದಲ್ಲೇ ಅತಿ ಕಡಿಮೆ ಮಳೆ ಬೀಳುವ ರಾಜ್ಯ ಅದು. ಬೆಟ್ಟಗಳು ತೆಂಕಿನಿಂದ ಬಡಗಿಗೆ ಸಾಲು ಸಾಲಾಗಿ, ನಡುನಡುವೆ ಬಯಲು. ನಾನು ಕಡಲ ದಂಡೆಯಲ್ಲಿ ಬಲೆ ಒಣಹಾಕಿದ ಹಾಗೆ ಎಂದೆ. ಅವಳು ಅದನ್ನು ಬರೆದುಕೊಂಡಳು. ಬಹಳ ಹಿಂದೆ ಅಲ್ಲಿ ದೊಡ್ಡ ಸರೋವರವಿತ್ತಂತೆ, ಅದರ ದಡದ ಗೆರೆಗಳು ಈಗಲೂ ಗುಡ್ಡದ ಮೈಮೇಲೆ ಕಾಣುತ್ತವೆಯಂತೆ. ಅಲ್ಲಿಯ ಮೂಲದ ಜನ ಮೀನು ಹಿಡಿಯುವವರು, ಜೊಂಡಿನಿಂದ ಬಾತುಕೋಳಿ ಹೆಣೆದು ನೀರಿನಲ್ಲಿ ತೇಲಿಬಿಟ್ಟು ನಿಜವಾದ ಬಾತುಗಳನ್ನು ಹತ್ತಿರ ಕರೆಯುತ್ತಿದ್ದವರು. ಹಾಗೆ ಹೆಣೆದ ಬಾತುಗಳು ಸಾವಿರಾರು ವರ್ಷ ಕಳೆದು ಒಂದು ಗುಹೆಯಲ್ಲಿ ಸಿಕ್ಕಿದವಂತೆ.

“ನಮ್ಮವರೇ ಆಯ್ತಲ್ಲ,” ಎಂದೆ.

“ಅದಕ್ಕೇ ನನಗೆ ಇಷ್ಟ,” ಎಂದಳು.

ಆಮೇಲೆ ಬಿಳಿಯರು ಎತ್ತಿನ ಗಾಡಿ ಕಟ್ಟಿಕೊಂಡು ಚಿನ್ನ ಹುಡುಕುತ್ತ ಅದರ ಮೇಲೆ ಹಾದು ಹೋದದ್ದು, ಗುಡ್ಡದೊಳಗೆ ಬೆಳ್ಳಿ ಸಿಕ್ಕಿ ಊರುಗಳು ಎದ್ದದ್ದು, ಬೆಳ್ಳಿ ಮುಗಿದು ಊರುಗಳು ಖಾಲಿಯಾದದ್ದು. ಅಲ್ಲಿಯ ಅಂತರ್ಯುದ್ಧದ ಕಾಲದಲ್ಲಿ ಅವಸರವಾಗಿ ರಾಜ್ಯವಾಗಬೇಕಾಗಿ, ಟಪಾಲು ತಲುಪುವಷ್ಟು ಸಮಯವಿಲ್ಲದೆ, ಇಡೀ ಸಂವಿಧಾನವನ್ನು ಟೆಲಿಗ್ರಾಂ ಮಾಡಿ ಕಳಿಸಿದ್ದು. ಮೀನು ಮಾರುವವಳ ಮಗಳಾದ ನಾನು ಎಂದೂ ನೋಡದ ಆ ರಾಜ್ಯದ ಸಂಗತಿಗಳು ಈಗಲೂ ನನಗೆ ನೆನಪಿವೆ. ಒಂದನ್ನು ಬಿಟ್ಟು.

ಅದೊಂದು ಶುಕ್ರವಾರ ಮಧ್ಯಾಹ್ನ. ವಾರವಿಡೀ ಶಾಲೆಯಲ್ಲಿ ಜ್ವರದ ಮಕ್ಕಳು, ವಾಂತಿ ತೊಳೆದು ತೊಳೆದು ಸೊಂಟ ಬಿದ್ದುಹೋಗಿತ್ತು. ರಜೆಯ ದಿನ ಮಲಗಬೇಕು ಎಂದಿದ್ದವಳನ್ನು ಸುಜಾತ ಹಿಟ್ಟಿಗೆ ಕೂರಿಸಿದಳು. ಅವಳು ಆ ದಿನ ನದಿಯ ಬಗ್ಗೆ ಹೇಳುತ್ತಿದ್ದಳು. ಹಂಬೋಲ್ಟ್ ನದಿ, ಮೂಡಣ ಬೆಟ್ಟಗಳಲ್ಲಿ ಹುಟ್ಟುತ್ತದೆ, ಮುನ್ನೂರು ಮೈಲಿ ಪಡುವಣಕ್ಕೆ ಹರಿಯುತ್ತದೆ. ಅಲ್ಲಿಯವರೆಗೆ ಕೇಳಿದ್ದು ನೆನಪಿದೆ. ಆಮೇಲೆ ಹಿಟ್ಟಿನ ಮೇಲೆ ಕೈಯಿಟ್ಟುಕೊಂಡೇ ಕಣ್ಣು ಮುಚ್ಚಿತು. ನಡುವೆ ಎರಡು ಸಲ ಹ್ಞೂ ಎಂದಿರಬೇಕು.

“ಕೇಳಿದಿಯಾ ಅಕ್ಕ?” ಎಂದು ಅವಳು ಮೊಣಕಾಲು ತಟ್ಟಿದಳು. “ಎಷ್ಟು ಚೆಂದ ಅಲ್ವಾ?”

“ಕೇಳಿದೆ,” ಎಂದೆ. “ಚೆಂದ ಉಂಟು.”

ಆ ವರ್ಷ ನಾನು ಅವಳಿಗೆ ಹೇಳಿದ ಮೊದಲ ಸುಳ್ಳು ಅದು. ಮೊದಲನೆಯದು ತೀರಾ ಸಣ್ಣದು.

ಮಾರ್ಚಿನಲ್ಲಿ ಮಳೆ ಹೋಗಿ ಧೂಳು ಬಂತು. ಪ್ರದರ್ಶನದ ಹಿಂದಿನ ದಿನ ನಕ್ಷೆಯನ್ನು ಶಾಲೆಯ ದೊಡ್ಡ ಹಾಲ್‌ನಲ್ಲಿ ಇಟ್ಟು ಬಂದೆವು. ಮಂಚದ ಅರ್ಧದಷ್ಟು ದೊಡ್ಡದು. ಬೆಟ್ಟಗಳ ತುದಿಗೆ ಬಿಳಿ, ಬಯಲಿಗೆ ಕಂದು, ಪಡುವಣ ಅಂಚಿನಲ್ಲಿ ಎತ್ತರದ ಬೆಟ್ಟದ ಗೋಡೆ. ಬಣ್ಣ ಎಲ್ಲಾದರೂ ಎದ್ದರೆ ಹಚ್ಚಲು ಸುಜಾತ ನೀಲಿಯದ್ದೊಂದು, ಬಿಳಿಯದ್ದೊಂದು ಸಣ್ಣ ಬಾಟಲಿ ನನ್ನ ಕೈಯಲ್ಲಿ ಕೊಟ್ಟಿದ್ದಳು. ಅವು ನನ್ನ ಏಪ್ರನ್ನಿನ ಕಿಸೆಯಲ್ಲೇ ಉಳಿದವು.

ಮರುದಿನ ಬೆಳಿಗ್ಗೆ ಆರೂವರೆಗೆ ಹಾಲ್ ಗುಡಿಸುವ ಪಾಳಿ ನನ್ನದು. ಕಿಟಕಿಯ ಸಂದಿನಿಂದ ನುಗ್ಗಿದ ಧೂಳು ಎಲ್ಲದರ ಮೇಲೂ ಕೂತಿತ್ತು. ಮೆತ್ತನೆ ಬಟ್ಟೆಯಿಂದ ನಕ್ಷೆಯ ಧೂಳು ಹೊಡೆಯುತ್ತ ಹೋದವಳು ನದಿಯ ಕೊನೆಗೆ ಬಂದು ನಿಂತೆ. ನೀಲಿ ಗೆರೆ ಮೂಡಣದಿಂದ ಸೊಟ್ಟಸೊಟ್ಟಗೆ ಇಷ್ಟು ದೂರ ಬಂದು, ಪಡುವಣ ಅಂಚಿಗೆ ನಾಲ್ಕು ಬೆರಳು ಇರುವಾಗ ಒಂದು ಮಣ್ಣು ಬಣ್ಣದ ತಗ್ಗಿನಲ್ಲಿ ನಿಂತುಹೋಗಿತ್ತು. ಪಾಪ, ಸುಸ್ತಿನಲ್ಲಿ ಮುಗಿಸಲು ಮರೆತಿದ್ದಾಳೆ. ಇನ್ನೆರಡು ಗಂಟೆಯಲ್ಲಿ ದೊಡ್ಡ ಜನ ಬಂದು ನೋಡಿ ನಗುತ್ತಾರೆ. ಅವಳನ್ನು ಕರೆದು ಕೇಳೋಣವೆಂದರೆ ಅವಳ ಬಸ್ಸು ಬರುವುದು ಏಳೂವರೆಗೆ, ಆಮೇಲೆ ಹಚ್ಚಿದರೆ ಬಣ್ಣ ಒಣಗುವುದಿಲ್ಲ. ಪಕ್ಕದಲ್ಲಿ ಒಂದು ಇಂಗ್ಲಿಷ್ ಚೀಟಿ ಅಂಟಿಸಿತ್ತು. ನನಗೆ ಓದಲು ಬರಲಿಲ್ಲ.

ಪ್ರದರ್ಶನದ ವಸ್ತುಗಳನ್ನು ಆಯಾಗಳು ಮುಟ್ಟಬಾರದು ಎಂಬ ಕಟ್ಟಪ್ಪಣೆ ಇತ್ತು. ಹಿಂದಿನ ವರ್ಷ ಒಬ್ಬಳು ಭೂಗೋಳದ ಗೋಲ ಬೀಳಿಸಿದ್ದಕ್ಕೆ ಸೂಪರ್ವೈಸರ್ “ಖಲಾಸ್” ಎಂದು ಎರಡೇ ವಾರದಲ್ಲಿ ಊರಿಗೆ ಕಳಿಸಿದ್ದ. ಅದು ನೆನಪಿಗೆ ಬಂತು. ಬಂದರೂ ಒದ್ದೆ ಬಟ್ಟೆಯನ್ನು ಹಿಟ್ಟಿನ ಮೇಲೆ ಒತ್ತಿ ಮೆತ್ತಗೆ ಮಾಡಿದೆ. ಹೆಬ್ಬೆರಳಿನ ಉಗುರು ಊರಿ ತಗ್ಗಿನಿಂದ ಮುಂದಕ್ಕೆ ಗೀರಿದೆ. ಬೆಟ್ಟದ ಗೋಡೆ ಅಡ್ಡ ಬಂತು. ಚಮಚದ ಹಿಡಿಯಿಂದ ಅದನ್ನೂ ಕೊರೆದೆ. ನೀಲಿ ಹಚ್ಚಿದೆ, ಚಿಕ್ಕ ಬೆರಳಿನಿಂದ ಅಂಚು ಒರೆಸಿದೆ. ಅಪ್ಪ ಹಾರೆ ಹಿಡಿದು ನಿಂತದ್ದು ಕಣ್ಣಿಗೆ ಕಟ್ಟಿತು. ಕಸಬರಿಗೆ ಹಿಡಿದು ಹೊರಗೆ ಬರುವಾಗ ನನಗೆ ಎಷ್ಟು ಹಗುರವಾಗಿತ್ತೆಂದರೆ, ತಂಗಿಗೆ ಊಟ ಹಾಕಿ ಮಲಗಿಸಿದ ದಿನಗಳ ಹಾಗೆ.

ಎಂಟೂವರೆಗೆ ನಾನು ಹಾಲ್‌ನ ಬಾಗಿಲ ಬಳಿ ನೀರಿನ ಲೋಟಗಳ ಟ್ರೇ ಹಿಡಿದು ನಿಂತಿದ್ದೆ. ಸುಜಾತ ನೀಲಿ ಸೀರೆ ಉಟ್ಟು, ತನ್ನ ತರಗತಿಯ ಮಕ್ಕಳನ್ನು ಕರೆದುಕೊಂಡು ಆಗಷ್ಟೇ ಒಳಗೆ ಬಂದಿದ್ದಳು. ಮುಂದೆ ಪ್ರಿನ್ಸಿಪಾಲರು, ಮಿಸ್ ಹೆಲೆನ್, ಮಕ್ಕಳ ತಂದೆತಾಯಂದಿರು. ಅವಳು ಬೆತ್ತ ಹಿಡಿದು ಹೇಳುತ್ತ ಹೋದಳು. ಬಲೆ ಒಣಹಾಕಿದ ಹಾಗೆ ಎಂಬುದನ್ನೂ ಹೇಳಿದಳು, ಜನ ತಲೆದೂಗಿದರು. ಆಮೇಲೆ ಅವಳ ಬೆತ್ತ ನದಿಯ ಜೊತೆ ಪಡುವಣಕ್ಕೆ ನಡೆಯಿತು. ಅವಳು ಜನರ ಮುಖ ನೋಡುತ್ತಲೇ, ಈ ನದಿ ಕಡಲನ್ನು ಸೇರುವುದಿಲ್ಲ, ಇಲ್ಲಿ ಕೊನೆಯಾಗುತ್ತದೆ, ಇದೇ ನೆವಾಡಾದ ವಿಶೇಷ ಎಂದಳು. ನನಗೆ ಅಷ್ಟು ಇಂಗ್ಲಿಷ್ ಅರ್ಥವಾಗುತ್ತಿತ್ತು.

ಅವಳು ಕೆಳಗೆ ನೋಡಿದಳು. ಬೆತ್ತದ ತುದಿಯಿಂದ ಮುಂದೆ ನೀಲಿ ಗೆರೆ ಬೆಟ್ಟ ಸೀಳಿಕೊಂಡು ನಕ್ಷೆಯ ಹೊರಗೆ ಹೋಗಿತ್ತು.

ಮಿಸ್ ಹೆಲೆನ್ ನಕ್ಕರು. ಕೆಟ್ಟ ನಗುವೇನಲ್ಲ. “ನಾನು ಹುಟ್ಟಿದ್ದು ಆ ನದಿಯ ದಡದಲ್ಲಿ, ನೀನು ನಮಗೊಂದು ಬಂದರನ್ನೇ ಕೊಟ್ಟುಬಿಟ್ಟೆ,” ಎಂದರು. ಎಲ್ಲರೂ ನಕ್ಕರು. ಸುಜಾತ ಬೆತ್ತವನ್ನು ಮೇಜಿನ ಮೇಲೆ ಇಟ್ಟು ಹಿಂದೆ ಸರಿದಳು. ಉಳಿದ ಅರ್ಧವನ್ನು, ಗಾಡಿಗಳು, ಬೆಳ್ಳಿ, ಟೆಲಿಗ್ರಾಂ, ಮಿಸ್ ಹೆಲೆನ್ ಅವರೇ ಹೇಳಿ ಮುಗಿಸಿದರು.

ಸಂಜೆ ಕೋಣೆಯಲ್ಲಿ ಅವಳು ಸೀರೆ ಬದಲಿಸದೆ ಮಂಚದ ತುದಿಯಲ್ಲಿ ಕೂತಳು.

“ಅಕ್ಕ, ಬೆಳಿಗ್ಗೆ ಹಾಲ್ ಗುಡಿಸಿದ್ದು ನೀನೇ ಅಲ್ವಾ? ಯಾರಾದ್ರೂ ಮುಟ್ಟಿದ್ರಾ?”

“ಯಾರೂ ಇರಲಿಲ್ಲ.”

“ನೀನು?”

ಆಗ ಹೇಳಬಹುದಿತ್ತು. ಮರುದಿನ ಅವಳು ಹೋಗಿ ಮಿಸ್ ಹೆಲೆನ್ ಹತ್ತಿರ, ನನ್ನ ತಪ್ಪಲ್ಲ, ಆಯಾ ಮಾಡಿದ್ದು ಎನ್ನಬಹುದಿತ್ತು. ಆದರೆ ನನಗೆ ಗೋಲ ಬೀಳಿಸಿದವಳು ಕಾಣಿಸಿದಳು, ಊರಿನಲ್ಲಿ ಹನ್ನೆರಡು ವರ್ಷದ ರೂಪ ಕಾಣಿಸಿದಳು. ಅದಕ್ಕಿಂತ ಹೆಚ್ಚಾಗಿ, ಇಷ್ಟು ದಿನ ಹೇಳಿದ್ದು ನೀನು ಕೇಳಲೇ ಇಲ್ಲವಾ ಎಂದು ಅವಳು ಕೇಳುವ ಮುಖ ಕಾಣಿಸಿತು.

“ನನಗೆಂತಕ್ಕೆ ಅದು?” ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. “ನೀನೇ ನಿದ್ದೆಗಣ್ಣಿನಲ್ಲಿ ಬಣ್ಣ ಎಳೆದಿರಬೇಕು. ಆ ವಾರ ನಿನಗೆ ಮೈಮೇಲೆ ಎಚ್ಚರ ಎಲ್ಲಿತ್ತು?”

ಅವಳು ತನ್ನ ಎರಡು ಕೈಗಳನ್ನೂ ತಿರುಗಿಸಿ ನೋಡಿಕೊಂಡಳು. ಬೆರಳಿನ ಸಂದಿನಲ್ಲಿ ನೀಲಿ ಇನ್ನೂ ಇತ್ತು. “ಹೌದೇನೋ,” ಎಂದಳು.

ತರಗತಿ ಅವಳಿಗೆ ಸಿಗಲಿಲ್ಲ. ತಾನು ಮಾಡಿದ್ದೇನೆಂದು ತನಗೇ ಗೊತ್ತಿಲ್ಲದವಳು ಹೇಗೆ ಕಲಿಸುತ್ತಾಳೆ ಎಂದರಂತೆ ಮಿಸ್ ಹೆಲೆನ್. ಅದು ತಪ್ಪು ಮಾತೇನಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಅವಳು ಗ್ಯಾಸ್ ಆರಿಸಿ ಮತ್ತೆ ಹೋಗಿ ನೋಡುತ್ತಿದ್ದಳು, ಬಾಗಿಲಿಗೆ ಬೀಗ ಹಾಕಿ, “ಹಾಕಿದ್ದೇನಾ ಅಕ್ಕ?” ಎಂದು ನನ್ನನ್ನು ಕೇಳುತ್ತಿದ್ದಳು. ನಾನು ಹ್ಞೂ ಎನ್ನುತ್ತಿದ್ದೆ. ನೆವಾಡಾದ ಹೆಸರು ಇಬ್ಬರೂ ಎತ್ತಲಿಲ್ಲ. ಜೂನಿನಲ್ಲಿ ಇಕಾಮಾ ಮುಗಿಯಿತು. ವಿಮಾನ ನಿಲ್ದಾಣದಲ್ಲಿ ಬಿಸಿಗಾಳಿಗೆ ಸೆರಗು ಹಿಡಿದುಕೊಂಡು, “ನೀನು ಜಾಗ್ರತೆ ಜಲಜಾ,” ಎಂದು ನಗಿಸಲು ನೋಡಿದಳು. ನನಗೆ ನಗು ಬರಲಿಲ್ಲ.

ಊರಿನಲ್ಲಿ ಅವಳು ಯಾವ ಶಾಲೆಗೂ ಅರ್ಜಿ ಹಾಕಲಿಲ್ಲ. ಮಕ್ಕಳಿಗೆ ತಪ್ಪು ಹೇಳಿಕೊಟ್ಟುಬಿಟ್ಟರೆ ಎಂಬ ಹೆದರಿಕೆ. ಮೂಲ್ಕಿ ಪೇಟೆಯಲ್ಲಿ ಒಂದು ಹೊಲಿಗೆ ಅಂಗಡಿ ಇಟ್ಟಳು, ಈಗಲೂ ಇದೆ. ಬಟ್ಟೆಗೆ ಕತ್ತರಿ ಹಾಕುವ ಮೊದಲು ಮೂರು ಸಲ ಅಳೆಯುತ್ತಾಳೆ, ಆಮೇಲೆ ಬಂದ ಗಿರಾಕಿಯ ಕೈಯಲ್ಲೂ ಟೇಪು ಹಿಡಿಸಿ, “ಸರಿ ಉಂಟಾ ನೋಡಿ,” ಎನ್ನುತ್ತಾಳೆ. ಜನ ಅದನ್ನು ಶಿಸ್ತು ಎನ್ನುತ್ತಾರೆ. ರಜೆಗೆ ಹೋದಾಗಲೆಲ್ಲ ಆ ಅಂಗಡಿಯ ಬೆಂಚಿನಲ್ಲಿ ಕೂತು ನಾನು ಅದನ್ನು ನೋಡಿದ್ದೇನೆ. ಪ್ರತಿ ವರ್ಷ ಹೇಳುವುದು ಹಿಂದಿನ ವರ್ಷಕ್ಕಿಂತ ಕಷ್ಟವಾಗುತ್ತ ಹೋಯಿತು. ಹೊತ್ತು ಹೊತ್ತು ಸಾಕಾಗಿದೆ, ಅದೇ ನಿಜ. ಧೈರ್ಯ ಬಂದದ್ದಲ್ಲ.

ದಿಯಾ ನಕ್ಷೆಯನ್ನು ಒಣಗಲು ಬಾಲ್ಕನಿಯಲ್ಲಿ ಇಟ್ಟ ಸಂಜೆ ನಾನು ಸುಜಾತಳಿಗೆ ಫೋನು ಮಾಡಿದೆ. ಆ ಕಡೆ ಹೊಲಿಗೆ ಯಂತ್ರದ ಸದ್ದು.

“ಸುಜಾ, ಆ ನದಿಯನ್ನು ಅಂಚಿನವರೆಗೆ ಎಳೆದದ್ದು ನಾನು.”

ಯಾವ ನದಿ ಎಂದು ಅವಳು ಕೇಳಲಿಲ್ಲ. ಯಂತ್ರ ನಿಂತಿತು. ನಾನು ಎಲ್ಲ ಹೇಳಿದೆ. ದಿಯಾಳ ನಕ್ಷೆ, ಶುಕ್ರವಾರದ ನಿದ್ದೆ, ಅಳಿವೆ, ಅಪ್ಪನ ಹಾರೆ, ಗೋಲ ಬೀಳಿಸಿದವಳು. ಅವಳು ನಡುವೆ ಒಂದೇ ಪ್ರಶ್ನೆ ಕೇಳಿದಳು.

“ಯಾವುದರಲ್ಲಿ ಎಳೆದೆ?”

“ಹೆಬ್ಬೆರಳಿನಲ್ಲಿ.”

ಆಮೇಲೆ ಹೇಳಿದಳು, “ಹಾಗಾದ್ರೆ ನಾನು ಸರಿಯಾಗಿಯೇ ಮಾಡಿದ್ದೆ.”

“ಹೌದು.”

“ನನ್ನ ಕೈ ಸರಿ ಇತ್ತು.”

“ಸರಿ ಇತ್ತು ಸುಜಾ.”

ಫೋನು ಇಟ್ಟುಬಿಟ್ಟಳು.

ಆಮೇಲೆ ಹನ್ನೊಂದು ದಿನ ನನ್ನ ಫೋನು ಎತ್ತಲಿಲ್ಲ. ಹನ್ನೆರಡನೆಯ ದಿನ ಸಂಜೆ ರೂಪಳ ಫೋನಿಗೆ ಕರೆ ಬಂತು. ದಿಯಾಳಿಗೆ ಕೊಡು ಎಂದಳಂತೆ. ಹುಡುಗಿ ಫೋನನ್ನು ಮೇಜಿನ ಮೇಲೆ ಇಟ್ಟು ಸ್ಪೀಕರ್ ಹಾಕಿದಳು. ನಾನು ಅಡುಗೆಮನೆಯ ಬಾಗಿಲಲ್ಲಿ, ಕೈಯಲ್ಲಿ ಸೌಟು.

“ನಿನ್ನ ನಕ್ಷೆಯಲ್ಲಿ ನದಿ ಕಡಲಿಗೆ ಯಾಕೆ ಹೋಗುವುದಿಲ್ಲ, ಹೇಳು ನೋಡುವಾ?”

“ನೋ ವಾಟರ್ ಲೆಫ್ಟ್, ಸುಜಜ್ಜಿ.”

“ಅಷ್ಟೇ ಅಲ್ಲ ಮಗಾ. ನೆಲ ತಗ್ಗು, ಬಿಸಿಲು ಹೆಚ್ಚು. ನೀರು ಬಂದು ನಿಲ್ತದೆ, ಅಲ್ಲೇ ಆರ್ತದೆ, ಉಪ್ಪು ಉಳೀತದೆ. ಅಮೆರಿಕದಲ್ಲೂ ಅಂಥದ್ದೊಂದು ನದಿ ಉಂಟು. ಹೇಳ್ಲಾ? ಪೆನ್ಸಿಲ್ ತೆಗೊ.”

ಆ ದನಿಯನ್ನು ನಾನು ಇಪ್ಪತ್ತು ವರ್ಷ ಕೇಳಿರಲಿಲ್ಲ. ಅವಳು ಮೂಡಣ ಬೆಟ್ಟಗಳಿಂದ ಶುರುಮಾಡಿದಳು. ಎತ್ತಿನ ಗಾಡಿಗಳವರು ಆ ನದಿಯನ್ನೇ ನಂಬಿ ನಡೆದದ್ದು, ಮುಂದೆ ಹೋದ ಹಾಗೆ ನೀರು ಕಡಿಮೆಯಾಗಿ ಕಹಿಯಾದದ್ದು, ನದಿ ಮುಗಿದ ಮೇಲೂ ನಲವತ್ತು ಮೈಲಿ ಬರಿಯ ಮರಳು ಉಳಿದದ್ದು, ಎತ್ತುಗಳು ಬಿದ್ದದ್ದು, ಜನ ಪೆಟ್ಟಿಗೆಗಳನ್ನು ಅಲ್ಲೇ ಬಿಟ್ಟು ನಡೆದದ್ದು. ಒಮ್ಮೆಯೂ ತಡವರಿಸಲಿಲ್ಲ, ಸರಿ ಉಂಟಾ ಎಂದು ಯಾರನ್ನೂ ಕೇಳಲಿಲ್ಲ. ಒಲೆಯ ಮೇಲೆ ಸಾರು ಉಕ್ಕಿತು. ನಾನು ಹೋಗಿ ಒಲೆ ಆರಿಸಿ ಮತ್ತೆ ಬಾಗಿಲಿಗೆ ಬಂದೆ.

ಮುಗಿದ ಮೇಲೆ ದಿಯಾ ಕೇಳಿದಳು, “ಅಜ್ಜಿಗೆ ಕೊಡ್ಲಾ?”

“ಇವತ್ತು ಬೇಡ,” ಎಂದಳು ಸುಜಾತ. ಮತ್ತೆ, “ಅವಳು ಅಲ್ಲೇ ಇದ್ದಾಳಾ? ಕೇಳಿದಳಾ ಅಂತ ಕೇಳು.”

ದಿಯಾ ನನ್ನ ಕಡೆ ತಿರುಗಿದಳು. “ಅಜ್ಜಿ, ಡಿಡ್ ಯು ಹಿಯರ್?”

“ಕೇಳಿದೆ,” ಎಂದೆ, ಆ ಕಡೆಗೆ ತಲುಪುವಷ್ಟು ಗಟ್ಟಿಯಾಗಿ. ಈ ಸಲ ಕೇಳಿದ್ದೆ.